ಬಾಲ ಅಲ್ಲಾಡಿಸುವ ಬೈಕ್: ಎರಡು ವರ್ಷದ ಬಳಕೆಯ ನಂತರ

ನನ್ನ ಮೌಂಟನ್ ಬೈಕಿನಲ್ಲಿ (ಗುಡ್ಡಗಾಡಿನ ಸೈಕಲ್) ಮೊದಲು ಕಣ್ಣಿಗೆ ಬಿದ್ದದ್ದು ಒಂದು ಗೀರು. ಚೈನ್‌ಸ್ಟೇಯ (ಪೆಡಲ್ ಬಳಿಯಿಂದ ಹಿಂದಿನ ಚಕ್ರದ ನಡುವಿನವರೆಗೆ ಹೋಗುವ ಫ್ರೇಮ್ ಕೊಳವೆಯ) ಒಳಮೈಯಲ್ಲಿ, ಟೈರಿನ ಅಂಚು ತಾಗುವ ಜಾಗದಲ್ಲಿ ಬಣ್ಣ ಸವೆದು ಅಲ್ಯೂಮಿನಿಯಂ ಹೊಳೆಯುತ್ತಿತ್ತು. ತಿರುವುಗಳಲ್ಲಿ ಬೈಕಿನ ಹಿಂಭಾಗ ಅರೆಕ್ಷಣ ತಡವಾಗಿ ಹಿಂಬಾಲಿಸುತ್ತದೆ ಎಂದು ಕೆಲವು ತಿಂಗಳುಗಳಿಂದ ಅನ್ನಿಸುತ್ತಲೇ ಇತ್ತು. ಕಲಿಯುವವರಿಗೆಂದು ಮಾಡಿದ ಅಗ್ಗದ ಫುಲ್ ಸಸ್ಪೆನ್ಷನ್ (ಎರಡೂ ಚಕ್ರಗಳಿಗೆ ಕುಲುಕು ತಡೆಯುವ ವ್ಯವಸ್ಥೆಯಿರುವ) ಬೈಕ್ ತಾನೇ, ಫ್ರೇಮ್ ಬಳುಕುತ್ತಿದೆ ಎಂದು ತೀರ್ಪು ಕೊಟ್ಟುಬಿಟ್ಟೆ. ಆ ತೀರ್ಪು ಮುಕ್ಕಾಲು ಪಾಲು ತಪ್ಪಾಗಿತ್ತು.

ಬಳುಕಿಗೂ ಸಡಿಲಕ್ಕೂ ಇರುವ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಒಂದು ಕೈಯಲ್ಲಿ ಸೀಟ್ ಟ್ಯೂಬ್ ಹಿಡಿದು, ಇನ್ನೊಂದರಿಂದ ಹಿಂದಿನ ಚಕ್ರದ ಮೇಲ್ಭಾಗವನ್ನು ಪಕ್ಕಕ್ಕೆ ತಳ್ಳಿ ಎಳೆಯಬೇಕು. ಲೋಹ ಬಳುಕುತ್ತಿದ್ದರೆ ತಳ್ಳಿದ ಕ್ಷಣದಿಂದಲೇ ತಡೆ ಇರುತ್ತದೆ, ಬಿಟ್ಟೊಡನೆ ಸದ್ದಿಲ್ಲದೆ ಮರಳುತ್ತದೆ. ಎಲ್ಲೋ ಸಡಿಲವಿದ್ದರೆ ಚಕ್ರ ತುಸು ದೂರ ಸಲೀಸಾಗಿ ಸರಿದು ‘ಟಕ್’ ಎನ್ನುತ್ತದೆ. ನನ್ನದು ಸ್ಪಷ್ಟವಾಗಿ ಟಕ್ ಎಂದಿತು. ರಿಮ್ ಮಾತ್ರ ಅಲ್ಲಾಡಿ ಚೈನ್‌ಸ್ಟೇ ಸುಮ್ಮನಿದ್ದರೆ ದೋಷ ಚಕ್ರದ ನಡುವಿನ ಹಬ್ಬಿನದೋ ಕಡ್ಡಿಗಳದೋ ಇರಬೇಕು. ಎರಡೂ ಒಟ್ಟಿಗೆ ಸರಿದರೆ ಪಿವಟ್ಟಿನದು, ಅಂದರೆ ಫ್ರೇಮಿನ ಮುಂದಿನ ಹಿಂದಿನ ತುಂಡುಗಳನ್ನು ಜೋಡಿಸುವ ಕೀಲಿನದು. ನನ್ನ ಬೈಕಿನಲ್ಲಿ ಎರಡೂ ದೋಷಗಳಿದ್ದವು! ಎಡಬದಿಯ ಕಡ್ಡಿಗಳು ಸಡಿಲವಾಗಿದ್ದವು, ಅವುಗಳನ್ನು ಬಿಗಿಮಾಡಿಸಿದ್ದು ಅರ್ಧ ಗಂಟೆಯ ಕೆಲಸ.

ಸತಾಯಿಸಿದ್ದು ಮುಖ್ಯ ಪಿವಟ್. ಕೀಲಿನ ಮೇಲೆ, ಅರ್ಧ ಮುಂದಿನ ತುಂಡಿಗೂ ಅರ್ಧ ಹಿಂದಿನದಕ್ಕೂ ತಾಗುವಂತೆ ಬೆರಳಿಟ್ಟು ಗೆಳೆಯನಿಂದ ಚಕ್ರ ತಳ್ಳಿಸಿದಾಗ ಸರಿದಾಟ ಉಗುರಿಗೇ ತಿಳಿಯಿತು. ಬೋಲ್ಟ್ ಬಿಗಿದೆ, ಸದ್ದು ನಿಂತಿತು. ಮೂರು ವಾರಕ್ಕೆ ಮರಳಿ ಬಂತು. ಇನ್ನಷ್ಟು ಬಿಗಿಯುವ ಆಸೆಯನ್ನು ತಡೆದುಕೊಂಡದ್ದು ಪುಣ್ಯ. ಕುಲುಕು ಹೀರುವ ಶಾಕಿನ ಒಂದು ತುದಿ ಬಿಚ್ಚಿ, ಚಕ್ರವನ್ನು ಹಿಡಿದಿರುವ ಹಿಂದಿನ ತ್ರಿಕೋನವನ್ನು ಮೇಲೆ ಕೆಳಗೆ ಆಡಿಸಿದೆ: ನುಣ್ಣಗೆ ಇಳಿಯಬೇಕಾದದ್ದು ನಡುವೆ ಮರಳು ಸಿಕ್ಕಿದಂತೆ ಕರಕರ ಎನ್ನುತ್ತಿತ್ತು. ಪಿವಟ್ಟಿನಿಂದ ಹೊರತೆಗೆದ 6902 ಅಳತೆಯ ಬೇರಿಂಗ್‌ಗಳಲ್ಲಿ ಗ್ರೀಸ್ ಇರಲಿಲ್ಲ, ಕಂದು ತುಕ್ಕಿನ ಪುಡಿ ಇತ್ತು. ಒತ್ತಡದ ನೀರಿನಿಂದ ಬೈಕ್ ತೊಳೆಯುತ್ತಿದ್ದವನು ನಾನೇ, ಹಾಗಾಗಿ ತಯಾರಕರನ್ನು ಪೂರ್ತಿ ಬೈಯಲಾರೆ. ಕೈಪಿಡಿಯಲ್ಲಿ ಬೇರಿಂಗಿನ ಬಗ್ಗೆ ಒಂದು ಸಾಲೂ ಇಲ್ಲ ಎಂಬುದಕ್ಕೆ ಮಾತ್ರ ಬೈಯುತ್ತೇನೆ. ಹೊಸ ಬೇರಿಂಗ್ ಕೂರಿಸುವಾಗ ಹೊರ ಬಳೆಯ ಮೇಲೆಯೇ ಒತ್ತಡ ಬೀಳಬೇಕು. ಬೋಲ್ಟನ್ನು ಅದರ ತಲೆಯ ಮೇಲೆ ಕೆತ್ತಿರುವ, ಎಷ್ಟು ಬಲದಿಂದ ತಿರುಗಿಸಬೇಕೆಂದು ಹೇಳುವ ಟಾರ್ಕ್‌ಗಷ್ಟೇ ಬಿಗಿದೆ. ಬೈಕ್ ಬಿಚ್ಚಿದ್ದಾಗಲೇ ಬೆಸುಗೆಗಳನ್ನೂ ಒರೆಸಿ ಟಾರ್ಚ್ ಹಾಕಿ ನೋಡಿದೆ. ಕೂದಲೆಳೆಯಂಥ ಬಿರುಕು ಕಂಡಿದ್ದರೆ ಅಂದೇ ಓಡಿಸುವುದನ್ನು ನಿಲ್ಲಿಸುತ್ತಿದ್ದೆ. ಇರಲಿಲ್ಲ.

ಉಳಿದ ಕಾಲು ಪಾಲು ನಿಜವಾದ ಬಳುಕು. ಇದರಲ್ಲಿರುವುದು 135 ಮಿ.ಮೀ. ಅಗಲದ ಹಬ್ ಮತ್ತು ಕ್ವಿಕ್ ರಿಲೀಸ್. ಹಿಂದಿನ ಎರಡು ತೋಳುಗಳನ್ನು ತೆಳು ಸರಳೊಂದು ಅಮುಕಿ ಹಿಡಿದಿರುತ್ತದೆ. 12 ಮಿ.ಮೀ. ಥ್ರೂ ಆಕ್ಸಲ್ (ಎರಡೂ ತೋಳುಗಳ ಮೂಲಕ ತೂರಿಸಿ ಬಿಗಿಯುವ ದಪ್ಪ ಅಚ್ಚು) ಕೊಡುವ ಗಡಸುತನ ಇದರಿಂದ ಬರುವುದಿಲ್ಲ, ಬೇರಿಂಗ್ ಬದಲಿಸಿ ಇದನ್ನು ಸರಿಪಡಿಸಲೂ ಆಗದು. ಮಣ್ಣುದಾರಿ, ಸಣ್ಣ ಬೇರುಗಳು, ಮೆಲ್ಲನೆಯ ಇಳಿಜಾರಿಗೆ ತೊಂದರೆಯಿಲ್ಲ. ಜಿಗಿತದ ಹುಚ್ಚಿರುವವರು ಥ್ರೂ ಆಕ್ಸಲ್ ಇರುವ ಬೈಕನ್ನೇ ಹುಡುಕಲಿ.

ಗೀರಿನಲ್ಲಿ ನನ್ನ ಪಾಲೂ ಇದೆ: 2.25 ಇಂಚಿನ ಟೈರ್ ಇದ್ದ ಜಾಗಕ್ಕೆ 2.4 ಹಾಕಿದ್ದೆ. ಹಳೆಯ ಅಳತೆಗೆ ಮರಳಿ, ಗೀರಿನ ಮೇಲೆ ತೆಳುವಾದ ಟೇಪ್ ಅಂಟಿಸಿದೆ. ಎಂಟು ತಿಂಗಳಾಯಿತು, ಟೇಪಿನ ಮೇಲೆ ಧೂಳಿದೆ, ಉಜ್ಜಿದ ಗುರುತಿಲ್ಲ.