ಎನ್‌ಟಿಎಸ್‌ಸಿ ಟೇಪಿನ ಅನಿಮೇಷನ್ನು ನಮ್ಮ ಟಿವಿಗೆ: ಎಫ್‌ಎಫ್‌ಎಂಪೆಗ್‌ನ ಎರಡು ಫಿಲ್ಟರುಗಳು

ಕೈಯಲ್ಲಿ ಬಿಡಿಸಿದ ಅನಿಮೇಷನ್ ಚಿತ್ರ ನಿಮ್ಮ ಬಳಿ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಟೇಪಿನಲ್ಲಿ ಮಾತ್ರ ಉಳಿದಿದೆಯೇ? ಅದನ್ನು ಇಲ್ಲಿನ ವಾಹಿನಿಗೆ ಕೊಡಬೇಕೇ? ಹಾಗಾದರೆ ದುಡ್ಡು ಕೊಟ್ಟು ಎಲ್ಲಿಗಾದರೂ ಕಳಿಸುವ ಮೊದಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶವನ್ನು ಪ್ರಯತ್ನಿಸಿ. ಅದರೊಳಗೆ ಡಿಟೆಲಿಸಿನಿ, ಟೆಲಿಸಿನಿ ಅಂತ ಎರಡು ಫಿಲ್ಟರುಗಳಿವೆ: ಮೊದಲನೆಯದು ಟೇಪಿನಿಂದ ಮೂಲ ಫ್ರೇಮುಗಳನ್ನು ಬಿಚ್ಚಿಕೊಡುತ್ತದೆ, ಎರಡನೆಯದು ಅವನ್ನು ನಮ್ಮ ಟಿವಿಯ ಲೆಕ್ಕಕ್ಕೆ ಹೆಣೆಯುತ್ತದೆ. ಅವುಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು ನನಗೆ ಎಲ್ಲೂ ಸಿಗಲಿಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಚಿತ್ರ ನನ್ನ ಅಣ್ಣನದು. 2004ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಮಾಡಿದ್ದು, ಆರೂವರೆ ನಿಮಿಷ. ಬಯಲಾಟದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ವಯಸ್ಸಾದ ವೇಷಧಾರಿ, ಪರದೆ ಸರಿಸಿ ಇಣುಕುವ ಮೊಮ್ಮಗಳು. ಭಾಗವತಿಕೆ ನಮ್ಮ ಸೋದರಮಾವನದು, ಊರಲ್ಲೇ ರೆಕಾರ್ಡ್ ಮಾಡಿ ಕಳಿಸಿದ್ದೆವು. ಬಿಡಿಸಿದ ಹಾಳೆಗಳು ಮನೆ ಬದಲಿಸುವಾಗ ಹೋದವು, ಕಂಪ್ಯೂಟರಿನ ಫೈಲುಗಳೂ ಹೋದವು. ಉಳಿದದ್ದು ಒಂದು ಮಿನಿ ಡಿವಿ (ಡಿಜಿಟಲ್ ವಿಡಿಯೋ) ಕ್ಯಾಸೆಟ್. ಈಚೆಗೆ ಇಲ್ಲಿನ ವಾಹಿನಿಯೊಂದು ಚಿತ್ರ ಕೇಳಿತು. ಅವರಿಗೆ ಬೇಕಿದ್ದದ್ದು 1080ಐ, ಅಂದರೆ 1080 ಗೆರೆಯ ಎಚ್‌ಡಿ, ಬೆಸ ಗೆರೆ ಸಮ ಗೆರೆ ಸರದಿಯಲ್ಲಿ ಬರುವಂಥದ್ದು, ಸೆಕೆಂಡಿಗೆ 25 ಫ್ರೇಮ್.

ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಟಿವಿಯ ಲೆಕ್ಕ ಅಲ್ಲಿಂದಲೇ ಬೇರೆಯಾಯಿತು: ಅವರದು 525 ಗೆರೆ, ಸೆಕೆಂಡಿಗೆ 30 ಫ್ರೇಮ್, ನಾವು ಅಳವಡಿಸಿಕೊಂಡ ಪಾಲ್ ಎಂಬ ಪದ್ಧತಿಯದು 625 ಗೆರೆ, 25 ಫ್ರೇಮ್. 1953ರಲ್ಲಿ ಅಮೆರಿಕದವರು ಬಣ್ಣ ಸೇರಿಸುವಾಗ ಬಣ್ಣದ ಸಂಕೇತ ಧ್ವನಿಯ ಸಂಕೇತಕ್ಕೆ ಅಡ್ಡ ಬರದಿರಲೆಂದು 30ನ್ನು 29.97ಕ್ಕೆ ಇಳಿಸಿದರು. ಅನಿಮೇಷನ್ನಿನವರು ಮಾತ್ರ ಸಿನಿಮಾದ 24ರ ಲೆಕ್ಕದಲ್ಲೇ ಬಿಡಿಸುತ್ತಾರೆ, ಅದರಲ್ಲೂ ಒಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುವುದೇ ಹೆಚ್ಚು. ಅಣ್ಣನೂ ಹಾಗೇ ಮಾಡಿದ್ದ.

ಮೊದಲು ಒಂದು ಸ್ಟುಡಿಯೋಗೆ ಕೊಟ್ಟೆವು. ಅವರು 29.97ನ್ನು ನೇರವಾಗಿ 25ಕ್ಕೆ ಇಳಿಸಿದ್ದರು, ಅಕ್ಕಪಕ್ಕದ ಫ್ರೇಮುಗಳನ್ನು ಒಂದರ ಮೇಲೊಂದು ಬೆರೆಸಿ. ಕ್ಯಾಮರಾದಲ್ಲಿ ತೆಗೆದ ಮದುವೆ ವಿಡಿಯೋದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಗೆರೆಯ ಚಿತ್ರದಲ್ಲಿ ಕಣ್ಣಿಗೆ ರಾಚುತ್ತದೆ. ಕೇದಗೆ ಮುಂದಲೆಯ ಕಪ್ಪು ಅಂಚು ಎರಡಾಗಿ, ಒಂದು ಗಟ್ಟಿ, ಇನ್ನೊಂದು ಬೂದು ನೆರಳು. ವೇಷಧಾರಿ ಕತ್ತು ತಿರುಗಿಸಿದಾಗ ನಾಲ್ಕು ಕಣ್ಣು. ಅಣ್ಣ ಫೋನಿನಲ್ಲಿ ನೋಡಿ, "ಇದನ್ನ ಹಾಕೋದಾದ್ರೆ ಹಾಕೋದೇ ಬೇಡ ಪುಟ್ಟಿ" ಅಂದ. ಅವನ ಮಾತು ಸರಿಯಾಗಿಯೇ ಇತ್ತು.

24ರ ಚಿತ್ರವನ್ನು ಎನ್‌ಟಿಎಸ್‌ಸಿಗೆ ಹಾಕುವಾಗ ಹೊಸದೇನನ್ನೂ ಹುಟ್ಟಿಸುವುದಿಲ್ಲ. ಪ್ರತಿ ವಿಡಿಯೋ ಫ್ರೇಮಿನಲ್ಲಿ ಎರಡು ಫೀಲ್ಡ್ ಇರುತ್ತವೆ, ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು. ಚಿತ್ರದ ಒಂದು ಫ್ರೇಮಿಗೆ ಎರಡು ಫೀಲ್ಡ್, ಮುಂದಿನದಕ್ಕೆ ಮೂರು, ಮತ್ತೆ ಎರಡು, ಮತ್ತೆ ಮೂರು. ಹೀಗೆ ನಾಲ್ಕು ಫ್ರೇಮು ಹತ್ತು ಫೀಲ್ಡಾಗಿ, ಅಂದರೆ ಐದು ವಿಡಿಯೋ ಫ್ರೇಮಾಗಿ ಹರಡಿಕೊಳ್ಳುತ್ತದೆ. ಆ ಐದರಲ್ಲಿ ಮೂರು ಶುದ್ಧ. ಉಳಿದೆರಡರಲ್ಲಿ ಬೇರೆ ಬೇರೆ ಫ್ರೇಮಿನ ಫೀಲ್ಡುಗಳು ಬೆರೆತು ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಹಾಗಾಗಿ ಅಣ್ಣನ ಒಂದೊಂದು ಚಿತ್ರವೂ ಟೇಪಿನಲ್ಲಿ ಇಡಿಯಾಗಿ ಇದೆ. ಹಾಕಿದ ಸರದಿಯಲ್ಲೇ ಬಿಚ್ಚಿದರೆ ಎಲ್ಲವೂ ವಾಪಸು ಬರುತ್ತದೆ.

ಬಿಚ್ಚುವುದಕ್ಕೆ ಎಫ್‌ಎಫ್‌ಎಂಪೆಗ್‌ನಲ್ಲಿ ಎರಡು ದಾರಿ. ಎಲ್ಲರೂ ಹೇಳುವ ದಾರಿ ಫೀಲ್ಡ್‌ಮ್ಯಾಚ್ ಮತ್ತು ಡೆಸಿಮೇಟ್. ಮೊದಲನೆಯದು ಜೋಡಿ ಫೀಲ್ಡುಗಳನ್ನು ಹುಡುಕಿ ಕೂಡಿಸುತ್ತದೆ, ಎರಡನೆಯದು ಪ್ರತಿ ಐದು ಫ್ರೇಮಿಗೆ ಹಿಂದಿನದನ್ನು ಅತಿ ಹೆಚ್ಚು ಹೋಲುವ ಒಂದನ್ನು ತೆಗೆದುಹಾಕುತ್ತದೆ. ಸಿನಿಮಾಕ್ಕೆ ಇದು ಒಳ್ಳೆಯ ದಾರಿ. ಎರಡೆರಡು ಫ್ರೇಮ್ ನಿಲ್ಲುವ ಅನಿಮೇಷನ್ನಿಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬರುವುದು ಅನಿಮೇಟರ್ ಬೇಕೆಂದೇ ಇಟ್ಟದ್ದು. ಐದರಲ್ಲಿ ಮೂರು ಜೋಡಿ ಒಂದೇ ರೀತಿ ಇದ್ದಾಗ ಯಾವುದನ್ನು ತೆಗೆಯಬೇಕೆಂಬುದನ್ನು ಡಿವಿ ಸಂಕುಚನದ ಸಣ್ಣ ಕಲೆಗಳು ನಿರ್ಧರಿಸಿಬಿಡುತ್ತವೆ. ಎರಡು-ಎರಡು ಇರಬೇಕಾದಲ್ಲಿ ಮೂರು-ಒಂದು ಆಗುತ್ತದೆ. ಹೆಜ್ಜೆ ಚೆಂಡೆಯ ಪೆಟ್ಟಿಗೆ ಕೂರಬೇಕಾದ ಚಿತ್ರದಲ್ಲಿ ಅಷ್ಟು ಸಾಕು, ಕುಣಿತ ಎಡವುತ್ತದೆ.

ಡಿಟೆಲಿಸಿನಿ ಊಹಿಸುವುದಿಲ್ಲ, ಅದಕ್ಕೇ ನನಗೆ ಇಷ್ಟು ಮೆಚ್ಚುಗೆ. ಸರದಿ 2-3 ಎಂದು ನಾವೇ ಹೇಳುತ್ತೇವೆ, ಮೊದಲ ಫ್ರೇಮು ಆ ಸರದಿಯ ಎಷ್ಟನೆಯದೆಂದೂ ಹೇಳುತ್ತೇವೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ಅದನ್ನೂ ಹೇಳಬೇಕು. ಇಲ್ಲದಿದ್ದರೆ ಚಿತ್ರ ಮುಂದಕ್ಕೂ ಹಿಂದಕ್ಕೂ ನಡುಗುತ್ತದೆ. ಚಲನೆ ಇರುವ ಕಡೆ ಒಂದೊಂದೇ ಫ್ರೇಮು ಸರಿಸಿ ಬಾಚಣಿಗೆಯ ಹಲ್ಲು ಕಾಣುವ ಎರಡನ್ನು ಗುರುತಿಸಿದರೆ ಸರದಿ ಗೊತ್ತಾಗುತ್ತದೆ. ಆಮೇಲೆ ಅದು ಕೊನೆಯವರೆಗೂ ಲೆಕ್ಕ ತಪ್ಪದೆ ಬಿಚ್ಚುತ್ತ ಹೋಗುತ್ತದೆ. ಬಿಚ್ಚಿದ್ದನ್ನು ಅಣ್ಣನೇ ಕೂತು ನೋಡಿದ. ಮೊಮ್ಮಗಳು ಇಣುಕಿ ತಡೆದು ನಿಲ್ಲುವ ಕಡೆ, "ಹಾಂ, ಇಷ್ಟೇ ಹೊತ್ತು ನಿಲ್ಲಿಸಿದ್ದೆ" ಅಂದ.

ಇನ್ನು 24ರಿಂದ 25ಕ್ಕೆ. ಪಾಲ್ ದೇಶಗಳಲ್ಲಿ ರೂಢಿಯಲ್ಲಿರುವುದು ಚಿತ್ರವನ್ನೇ ಶೇಕಡಾ 4ರಷ್ಟು ವೇಗವಾಗಿ ಓಡಿಸುವುದು. ಚಿತ್ರ ಅಚ್ಚುಕಟ್ಟಾಗಿ ಬರುತ್ತದೆ. ಆದರೆ ಧ್ವನಿಯನ್ನೂ ಹಾಗೇ ಓಡಿಸಿದರೆ ಶ್ರುತಿ ಸುಮಾರು ಮುಕ್ಕಾಲು ಸ್ವರಸ್ಥಾನ ಏರುತ್ತದೆ. ಹಾರ್ಮೋನಿಯಂನ ಬಿಳಿ ಮನೆಗೂ ಸೇರದೆ ಕಪ್ಪು ಮನೆಗೂ ಸೇರದೆ ನಡುವೆ ಎಲ್ಲೋ ನಿಲ್ಲುತ್ತದೆ. ಮಾವನ ಕಂಠ ಬಲ್ಲವರಿಗೆ ಅದು ಬೇರೆ ಯಾರದೋ ಕಂಠ. ಶ್ರುತಿ ಏರದಂತೆ ವೇಗ ಮಾತ್ರ ಹೆಚ್ಚಿಸುವ ಅಟೆಂಪೋ ಎಂಬ ಫಿಲ್ಟರೂ ಇದೆ. ಮಾತಿಗೆ ಅದು ಸಾಕು. ಪದ್ಯದ ಕಾಲವನ್ನೇ ಓಡಿಸಲು ನನಗೆ ಮನಸ್ಸು ಬರಲಿಲ್ಲ.

ಇಲ್ಲಿ ಟೆಲಿಸಿನಿ ಫಿಲ್ಟರ್ ಕೈಹಿಡಿಯಿತು. ಹನ್ನೊಂದು ಫ್ರೇಮಿಗೆ ತಲಾ ಎರಡು ಫೀಲ್ಡ್, ಹನ್ನೆರಡನೆಯದಕ್ಕೆ ಮೂರು ಎಂಬ ಸರದಿ ಕೊಟ್ಟರೆ 12 ಫ್ರೇಮು 25 ಫೀಲ್ಡಾಗುತ್ತದೆ, 24 ಫ್ರೇಮು ಸರಿಯಾಗಿ 50 ಫೀಲ್ಡ್. 30 ಎಂಬುದು 29.97 ಆದಂತೆ ಟೇಪಿನಲ್ಲಿ 24 ಕೂಡ 23.976 ಆಗಿರುತ್ತದೆ; ಅದನ್ನು ಮತ್ತೆ 24 ಮಾಡುವಾಗ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಬರುತ್ತದೆ, ಅದು ಯಾರ ಕಿವಿಗೂ ಬೀಳದು. ಉಳಿದಂತೆ ಪದ್ಯ ಹಾಡಿದ ಕಾಲದಲ್ಲೇ, ಹಾಡಿದ ಶ್ರುತಿಯಲ್ಲೇ ಇರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸೆಕೆಂಡಿಗೆ ಎರಡು ಸಲ ಒಂದು ಫೀಲ್ಡಿನಷ್ಟು ತಡೆ ಬರುತ್ತದೆ. ನಿಧಾನವಾಗಿ ಅಡ್ಡ ಸಾಗುವ ದೃಶ್ಯದಲ್ಲಿ ಹುಡುಕಿದರೆ ಸಿಗುತ್ತದೆ. ಇನ್ನೊಂದು, ಸೆಕೆಂಡಿನ ಅರ್ಧ ಭಾಗದಲ್ಲಿ ಫೀಲ್ಡುಗಳು ಎರಡು ಫ್ರೇಮಿಗೆ ಹಂಚಿಹೋಗಿರುತ್ತವೆ. ಹಾಗಾಗಿ ಇದೇ ಫೈಲನ್ನು ಮೊಬೈಲಿಗೋ ಯೂಟ್ಯೂಬಿಗೋ ಹಾಕಬೇಡಿ, ಬಾಚಣಿಗೆ ಮತ್ತೆ ಕಾಣುತ್ತದೆ. ಅವಕ್ಕೆ ಬಿಚ್ಚಿದ 24ರ ಪ್ರತಿಯನ್ನೇ ಕೊಡಿ. ಹಾಡಿಲ್ಲದ ಚಿತ್ರವಾಗಿದ್ದರೆ ನಾನೂ ಶೇಕಡಾ 4ರ ದಾರಿಯನ್ನೇ ಹಿಡಿಯುತ್ತಿದ್ದೆ.

ಕೆಲಸದ ಕ್ರಮ ಮುಖ್ಯ. ಮೊದಲು ಬಿಚ್ಚುವುದು, ಆಮೇಲೆ ದೊಡ್ಡದು ಮಾಡುವುದು, ಕೊನೆಗೆ ಮತ್ತೆ ಫೀಲ್ಡಾಗಿ ಹೆಣೆಯುವುದು. ಬಿಚ್ಚದೆ ದೊಡ್ಡದು ಮಾಡಿದರೆ ಎರಡು ಫೀಲ್ಡಿನ ಗೆರೆಗಳು ಕಲೆಸಿಹೋಗುತ್ತವೆ, ಮತ್ತೆ ಬೇರ್ಪಡಿಸಲಾಗುವುದಿಲ್ಲ. 720 ಅಡ್ಡ, 480 ಎತ್ತರದ ಚಿತ್ರವನ್ನು 4:3 ಆಕಾರ ಉಳಿಸಿ 1440 ಅಡ್ಡ, 1080 ಎತ್ತರಕ್ಕೆ ಹಿಗ್ಗಿಸಿ, ಎರಡು ಬದಿಗೆ ಕಪ್ಪು ಪಟ್ಟಿ ಬಿಟ್ಟೆ. ಬಣ್ಣದ ಲೆಕ್ಕವನ್ನೂ ಹಳೆಯ ಟಿವಿಯ 601 ಎಂಬ ಮಾನದಂಡದಿಂದ ಎಚ್‌ಡಿಯ 709ಕ್ಕೆ ಬದಲಿಸಲೇಬೇಕು. ಬಿಟ್ಟರೆ ಮುಖದ ಇಂಗ್ಲಿಕದ ಕೆಂಪು ಬೇರೆ ಕೆಂಪಾಗುತ್ತದೆ, ಒಂದೇ ಬಣ್ಣ ತುಂಬಿದ ದೊಡ್ಡ ಜಾಗಗಳಿರುವ ಅನಿಮೇಷನ್ನಿನಲ್ಲಿ ಇದು ಎದ್ದು ಕಾಣುತ್ತದೆ.

ಎಫ್‌ಎಫ್‌ಎಂಪೆಗ್‌ಗೆ ಕಿಟಕಿ, ಗುಂಡಿ ಯಾವುದೂ ಇಲ್ಲ. ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು. ಕೈಪಿಡಿಯಲ್ಲಿ ಪ್ರತಿ ಫಿಲ್ಟರಿಗೂ ವಿವರವಿದೆ, ಆದರೆ ಅದು ವಿಷಯ ಗೊತ್ತಿದ್ದವರಿಗೆ ಬರೆದದ್ದು. ಮಾನಿಟರಿನಲ್ಲಿ ಫ್ರೇಮು ಸರಿಸಿ ನೋಡಲು ಒಂದು ಪ್ಲೇಯರ್ ಬೇಕು.

ಡಿಟೆಲಿಸಿನಿ ಎಲ್ಲರಿಗೂ ಆಗುವುದೂ ಇಲ್ಲ. ಅಣ್ಣ ಚಿತ್ರವನ್ನು 24ರಲ್ಲೇ ಪೂರ್ತಿ ಜೋಡಿಸಿ, ಕೊನೆಗೆ ಒಂದೇ ಸಲ ಎನ್‌ಟಿಎಸ್‌ಸಿಗೆ ಹಾಕಿದ್ದರಿಂದ ಸರದಿ ಎಲ್ಲೂ ಮುರಿದಿರಲಿಲ್ಲ. ನಿಮ್ಮ ಚಿತ್ರವನ್ನು 29.97ರಲ್ಲಿ ಎಡಿಟ್ ಮಾಡಿದ್ದರೆ ಪ್ರತಿ ಕಟ್‌ನಲ್ಲೂ ಸರದಿ ಬದಲಾಗಿರಬಹುದು. ಆಗ ಶಾಟ್ ಶಾಟಾಗಿ ಬಿಚ್ಚಬೇಕು. ಕ್ಯಾಸೆಟ್ಟಿನಿಂದ ಫೈರ್‌ವೈರ್ ಎಂಬ ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸುವಾಗ ಒಂದು ಫ್ರೇಮು ಬಿದ್ದುಹೋದರೂ ಅಲ್ಲಿಂದ ಮುಂದೆ ಲೆಕ್ಕ ತಪ್ಪುತ್ತದೆ. ಕೊನೆಯಲ್ಲಿ ಮೇಲೆ ಸರಿಯುವ ಹೆಸರುಗಳು ಹೆಚ್ಚಾಗಿ ಎನ್‌ಟಿಎಸ್‌ಸಿಯ ಪೂರ್ತಿ ವೇಗದಲ್ಲೇ ಮಾಡಿದವಾಗಿರುತ್ತವೆ, ಅವುಗಳಲ್ಲಿ ಬಿಚ್ಚುವಂಥದ್ದು ಏನೂ ಇರುವುದಿಲ್ಲ. ನಾವು ಅವನ್ನು ಹೊಸದಾಗಿಯೇ ಮಾಡಿದೆವು, ಈ ಸಲ ಕನ್ನಡದಲ್ಲಿ.