ಕದನವಿರಾಮ ರೇಖೆಯೋ, ಗಡಿಯೋ: ಯಾವ ಪದ ಬಳಸಬೇಕು?

ನಕ್ಷೆ ಬಿಡಿಸುವಾಗಲೋ ಸುದ್ದಿ ಬರೆಯುವಾಗಲೋ ಇಸ್ರೇಲಿನ ಸುತ್ತಲಿನ ಗೆರೆಗಳಿಗೆಲ್ಲ ‘ಗಡಿ’ ಎಂದುಬಿಡುತ್ತೇವೆ. ಕಾನೂನಿನ ಕಣ್ಣಿಗೆ ಅವೆಲ್ಲ ಒಂದೇ ಅಲ್ಲ.

ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಪ್ರದೇಶಕ್ಕೂ ಇಸ್ರೇಲಿಗೂ ನಡುವಿನ ‘ಹಸಿರು ಗೆರೆ’ ಹುಟ್ಟಿದ್ದು 1949ರ ಏಪ್ರಿಲ್ 3ರಂದು ಇಸ್ರೇಲ್ ಮತ್ತು ಜೋರ್ಡಾನ್ ಸಹಿ ಹಾಕಿದ ಕದನವಿರಾಮ ಒಪ್ಪಂದದಿಂದ. ಸೈನ್ಯ ಇದನ್ನು ದಾಟಬಾರದು, ಅಷ್ಟೇ. ಮುಂದೆ ಗಡಿ ಎಲ್ಲಿ ನಿಲ್ಲಬೇಕೆಂಬ ಯಾರ ಹಕ್ಕಿಗೂ ಇದರಿಂದ ಧಕ್ಕೆಯಿಲ್ಲ ಎಂದು ಅದರ 6ನೇ ವಿಧಿಯೇ ಹೇಳುತ್ತದೆ. ಜೆರುಸಲೇಮಿನಲ್ಲಿ ಗೆರೆ ಎಳೆದ ನಕ್ಷೆಯ ಪ್ರಮಾಣ 1:20,000. ಮೊಂಡು ಪೆನ್ಸಿಲ್ಲಿನ ಮೂರು ಮಿಲಿಮೀಟರ್ ದಪ್ಪವೆಂದರೆ ನೆಲದ ಮೇಲೆ 60 ಮೀಟರ್! ಮನೆಗಳೇ ಆ ದಪ್ಪದೊಳಗೆ ಸಿಕ್ಕಿಕೊಂಡವು.

ಈಜಿಪ್ಟಿನ ಕಡೆಯ ಕತೆ ಬೇರೆ. 1949ರಲ್ಲಿ ಈಜಿಪ್ಟಿನೊಂದಿಗೆ ಆದ ಕದನವಿರಾಮ ಒಪ್ಪಂದ ಅಲ್ಲಿನ ಗೆರೆಯನ್ನು ರಾಜಕೀಯ ಗಡಿಯೆಂದು ತಿಳಿಯಬಾರದು ಎಂದಿತ್ತು. 1979ರ ಶಾಂತಿ ಒಪ್ಪಂದವಾದರೋ ಈಜಿಪ್ಟ್ ಮತ್ತು ಮ್ಯಾಂಡೇಟ್ ಕಾಲದ (ಬ್ರಿಟಿಷ್ ಆಡಳಿತದಲ್ಲಿದ್ದ) ಪ್ಯಾಲೆಸ್ಟೈನ್ ನಡುವಣ ಅಂತರರಾಷ್ಟ್ರೀಯ ಗಡಿಯನ್ನೇ ಶಾಶ್ವತವೆಂದು ಒಪ್ಪಿತು. ಆಮೇಲೆ ಸಿನಾಯ್ ಪರ್ಯಾಯದ್ವೀಪದ ಅಂಚಿನ ತಾಬಾ ಎಂಬ ಊರಿನಲ್ಲಿ ಗಡಿಕಂಬ ಎಲ್ಲಿತ್ತೆಂಬ ಜಗಳ ಎದ್ದಾಗ ಅದನ್ನು ಬಗೆಹರಿಸಿದ್ದು ಸೈನ್ಯವಲ್ಲ, 1988ರ ಮಧ್ಯಸ್ಥಿಕೆ ನ್ಯಾಯಮಂಡಳಿಯ ತೀರ್ಪು. ಗಡಿ ಒಪ್ಪಂದವನ್ನು ‘ಪರಿಸ್ಥಿತಿ ಬದಲಾಯಿತು’ ಎಂದು ಕೈಬಿಡಲೂ ದೇಶಗಳ ನಡುವಣ ಒಪ್ಪಂದಗಳಿಗೆ ನಿಯಮ ಹಾಕುವ ವಿಯೆನ್ನಾ ಒಡಂಬಡಿಕೆಯ 62ನೇ ವಿಧಿ ಬಿಡುವುದಿಲ್ಲ.

ಹಾಗೆಂದು ಕದನವಿರಾಮ ರೇಖೆ ಹಗುರವಲ್ಲ. ಬಲಪ್ರಯೋಗದಿಂದ ಅದನ್ನು ಉಲ್ಲಂಘಿಸಬಾರದೆಂದು ವಿಶ್ವಸಂಸ್ಥೆಯ 1970ರ ಘೋಷಣೆ ಸ್ಪಷ್ಟವಾಗಿ ಹೇಳಿದೆ. ನನ್ನ ಆಯ್ಕೆ ಇಷ್ಟು: ಈಜಿಪ್ಟಿನ ಸಿನಾಯ್ ಅಂಚಿಗೆ ‘ಗಡಿ’, ಗಟ್ಟಿ ಗೆರೆ, ಪಶ್ಚಿಮ ದಂಡೆಗೆ ‘1949ರ ಕದನವಿರಾಮ ರೇಖೆ’, ತುಂಡು ಗೆರೆ.