15 ಕಿಲೋವ್ಯಾಟ್ ಗ್ಯಾಸ್ ಹೀಟರ್: ಮಲೆನಾಡಿನ ಸೈಟಿನಲ್ಲಿ ಮೂರು ಮಳೆಗಾಲದ ನಂತರ

ಐದಕ್ಕೆ ಮೂರು ಅಂಕ. ಇದು ಫ್ಯಾನಿನಿಂದ ಬಿಸಿಗಾಳಿ ಊದೋ ಎಲ್‌ಪಿಜಿ ಹೀಟರ್. ಬಿಸಿ ಕೊಡೋದರಲ್ಲಿ ತಕರಾರಿಲ್ಲ, ಬಟನ್ ಒತ್ತಿದರೆ ಹತ್ತಿಕೊಳ್ಳುತ್ತೆ. ತೀರ್ಥಹಳ್ಳಿ, ಆಗುಂಬೆ ಕಡೆಯವರು ಇದನ್ನು ತರಿಸೋದು ಪುಟ್ಟಿ ಒಣಗಿಸೋಕೆ. ಎಡವಟ್ಟಾಗೋದು ಅಲ್ಲೇ.

ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತೆ. ಈ ಹೀಟರ್ ಗಂಟೆಗೆ 1.1ರಿಂದ 1.2 ಕೆಜಿ ತಿನ್ನುತ್ತೆ. 19 ಕೆಜಿ ಸಿಲಿಂಡರ್ 16 ಗಂಟೆ ಬರುತ್ತೆ. ಎಂಟು ಗಂಟೆ ಉರಿಸಿದರೆ ಹತ್ತಿರತ್ತಿರ ಒಂದು ಬಕೆಟ್ ನೀರು ರೂಮಿನ ಗಾಳಿಗೇ ಸೇರಿತು. ಹೊಗೆ ಕೊಳವೆ ಇಲ್ಲದ ಹೀಟರ್ ಆದ್ದರಿಂದ ಕಿಟಕಿಗೆ ಟಾರ್ಪಾಲು ಬಿಗಿದು ಉರಿಸಿದರೆ ಗೋಡೆ ಬೆವರುತ್ತೆ. ಹೊಸದಾಗಿ ಹಾಕಿದ ಕಾಂಕ್ರೀಟ್ ನೆಲದ ಹತ್ತಿರವಂತೂ ಮೊದಲ ದಿನ ಬೇಡವೇ ಬೇಡ. ಇಂಗಾಲದ ಡೈಆಕ್ಸೈಡ್ ಹಸಿ ಸಿಮೆಂಟಿನ ಸುಣ್ಣದ ಜೊತೆ ಸೇರಿ ಮೇಲ್ಪದರ ಸೀಮೆಸುಣ್ಣದ ಹಾಗೆ ಮೆತ್ತಗಾಗುತ್ತೆ, ಆಮೇಲೆ ಎಷ್ಟು ಗುಡಿಸಿದರೂ ಪುಡಿ ಏಳುತ್ತಲೇ ಇರುತ್ತೆ.

ಗಾಳಿಗೆ ಕಿಲೋವ್ಯಾಟಿಗೆ 25 ಚದರ ಸೆಂಟಿಮೀಟರ್ ತೆರವು ಬೇಕು. ಇದಕ್ಕೆ 375, ಅರ್ಧ ನೆಲದ ಮಟ್ಟದಲ್ಲಿ, ಅರ್ಧ ಸೂರಿನ ಹತ್ತಿರ. ಅದು ಕನಿಷ್ಠ. ಒಂದು ಕಿಟಕಿ ಪೂರ್ತಿ ತೆಗೆದಿಡೋದು ಒಳ್ಳೆಯದು, ಇರಚಲು ಬಡಿಯೋ ದಿಕ್ಕಿಂದಲ್ಲ. ಬೇಸ್‌ಮೆಂಟಿನಲ್ಲಿ, ಸಂಪಿನಲ್ಲಿ ಹಚ್ಚಲೇಬಾರದು. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ.

ಸೋರಿಕೆ ವಾಸನೆಯಿಂದ ಗೊತ್ತಾಗುತ್ತೆ, ಗ್ಯಾಸ್ ಅರೆಬರೆ ಉರಿದಾಗ ಹುಟ್ಟೋ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಗೊತ್ತಾಗಲ್ಲ. ಅದಕ್ಕೆ ಅಲಾರಂ ತರುವಾಗ ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಅಂಕಿ ತೋರಿಸೋದನ್ನೇ ತನ್ನಿ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ ನಿಯಮದಲ್ಲಿ 8 ಗಂಟೆ ಪಾಳಿಯ ಸರಾಸರಿ ಮಿತಿ 50 ಪಿಪಿಎಂ. ಯುರೋಪಿನ ಮಾನದಂಡದ ಮನೆಬಳಕೆಯ ಅಲಾರಂ ಅಷ್ಟಕ್ಕೆ ಕೂಗೋಕೆ ಒಂದು, ಒಂದೂವರೆ ಗಂಟೆ ತಗೊಳ್ಳುತ್ತೆ. ಮೂಗಿನ ಮಟ್ಟದಲ್ಲಿ ತೂಗುಹಾಕಿ, ಹೀಟರಿನ ಬಾಯಿಗೆ ನೇರ ಬೇಡ. ಥಿನ್ನರ್ ವಾಸನೆಗೂ ಸುಮ್ಮನೆ ಕೂಗುತ್ತೆ. ಕಿರಿಕಿರಿ ಅಂತ ಪೇಂಟರ್‌ಗಳು ಬ್ಯಾಟರಿ ಕಿತ್ತಿಟ್ಟಿರ್ತಾರೆ, ದಿನಾ ಬೆಳಿಗ್ಗೆ ನೋಡಿ.

ಜ್ವಾಲೆ ನೀಲಿ ಇರಬೇಕು. ಹಳದಿಗೆ ತಿರುಗಿತು ಅಂದರೆ ಫ್ಯಾನಿನ ರೆಕ್ಕೆಗೆ ಸಿಮೆಂಟ್ ಧೂಳು ಮೆತ್ತಿದೆ, ಗ್ಯಾಸ್ ಚಿಮ್ಮೋ ಸಣ್ಣ ತೂತಿನ ಜೆಟ್ಟಿನಲ್ಲಿ ಕಸ ಕೂತಿದೆ, ಇಲ್ಲವೇ ವೋಲ್ಟೇಜ್ ಬಿದ್ದು ಫ್ಯಾನ್ ನಿಧಾನವಾಗಿದೆ. ನಮ್ಮ ಕಡೆಯ ಮಳೆಗಾಲದ ಕರೆಂಟಿಗೆ ಸ್ಟೆಬಿಲೈಸರ್ ಇಲ್ಲದೆ ಆಗಲ್ಲ. ವಾರಕ್ಕೊಮ್ಮೆ, ಗ್ಯಾಸ್ ಮತ್ತು ಪ್ಲಗ್ ಎರಡೂ ತೆಗೆದು, ಒಣ ಬ್ರಷ್ಷಿನಲ್ಲಿ ರೆಕ್ಕೆ ಉಜ್ಜಬೇಕು. ಜೆಟ್ಟಿಗೆ ಸೂಜಿ ಹಾಕಬೇಡಿ, ತೂತು ದೊಡ್ಡದಾದರೆ ಮತ್ತೆ ಹಳದಿಯೇ. ಥರ್ಮೋಕಪಲ್ (ಬೆಂಕಿ ಆರಿದರೆ ಗ್ಯಾಸ್ ನಿಲ್ಲಿಸೋ ಸೆನ್ಸರ್) ಕೆಟ್ಟಾಗ ಗ್ಯಾಸ್ ಬಟನ್ನಿಗೆ ತಂತಿ ಕಟ್ಟಿ ಓಡಿಸೋ ಮೇಸ್ತ್ರಿಗಳಿದ್ದಾರೆ. ಆಮೇಲೆ ಬೆಂಕಿ ಆರಿದರೂ ಗ್ಯಾಸ್ ನಿಲ್ಲಲ್ಲ.

ರಾತ್ರಿ ಇದನ್ನು ಕೂಲಿಯವರ ಶೆಡ್ಡಿಗೆ ಒಯ್ಯೋಕೆ ಬಿಡಬೇಡಿ, ಇದರ ಬದಲಿಗೆ ಇದ್ದಿಲಿನ ಅಗ್ಗಿಷ್ಟಿಕೆಯೂ ಬೇಡ; ಮುಚ್ಚಿದ ಶೆಡ್ಡಿನಲ್ಲಿ ಅದು ಇನ್ನೂ ಕೆಟ್ಟದ್ದು. ಒಟ್ಟಿಗೆ ಇಬ್ಬರು ಮೂವರಿಗೆ ತಲೆನೋವು, ವಾಕರಿಕೆ ಬಂದರೆ ಅದು ಕಾರ್ಬನ್ ಮೊನಾಕ್ಸೈಡ್ ವಿಷ ಇರಬಹುದು, ಪಿತ್ತ ಅಂತ ನಿಂಬೆಹಣ್ಣಿನ ಷರಬತ್ತು ಮಾಡ್ತಾ ಕೂರಬೇಡಿ. ಎಲ್ಲರನ್ನೂ ಅಂಗಳಕ್ಕೆ ತನ್ನಿ, ಮಳೆಯಿದ್ದರೂ ಸರಿ, 108ಕ್ಕೆ ಫೋನ್ ಮಾಡಿ.